ದೂರದರ್ಶನ ಯಂತ್ರದ ಅಂಗಗಳು



ಕತ್ತಲೆಯಲ್ಲಿ ಒಂದು ಕೊಳ್ಳಿಯನ್ನು ಹಿಡಿದು ಬೇಗಬೇಗ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುತ್ತದೆ. ಬಳೆಯೆಂಬುದು ಅಲ್ಲಿ ಇಲ್ಲ. ಇರುವುದು ಒಂದೇ ಕೆಂಡ. ನಮ್ಮ ಹಿರಿಯರು ಇದಕ್ಕೆ ಅಲಾತಚಕ್ರವೆಂದು ಹೆಸರಿಟ್ಟರು. ಗೌಡಪಾದಾಚಾರ್ಯರ ಮಾಂಡೂಕ್ಯ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂದೇ ಹೆಸರು. ವೇದಾಂತಿಗಳು ಈ ದೃಷ್ಟಾಂತವನ್ನು ಯಾವ ತತ್ತ್ವಕ್ಕಾಗಿ ತಂದರೆಂಬುದು ಬೇರೆ ಮಾತು. ದೂರದರ್ಶನ ಯಂತ್ರವನ್ನು ಕುರಿತು ಮಾತನಾಡುವವನಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ದೊರೆಯಲಾರದು. ಟೆಲಿವಿಷನ್ನಿನ ಗಾಜಿನ ಮೇಲೆ ನಾವು ಬಹುಕಾಲ ನೋಡಿದ ಚಿತ್ರವೂ ಇಂಥದೊಂದು ಅಲಾತಚಕ್ರವೇ. ಅಲ್ಲಿ ಯಾವ ಕ್ಷಣದಲ್ಲಿಯೂ ಪೂರ್ಣವಾದ ಚಿತ್ರವೆಂಬುದು ಇರಲಿಲ್ಲ. ಒಂದೇ ಒಂದು ಬೆಳಕಿನ ಬೊಟ್ಟು ಓಡುತ್ತಿತ್ತು. ಅದರ ಹಿಂದೆ, ಬೇಗನೆ ಆರಿಹೋಗುವ ಬೆಳಕಿನ ಬಾಲವೊಂದಿತ್ತು.

ಈ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಕಣ್ಣು ತೆರೆಯುವ ಕ್ಯಾಮರಾದಿಂದ ಹಳೆಯ ಟೆಲಿವಿಷನ್ನಿನ ಛಾಯಾಚಿತ್ರವನ್ನು ತೆಗೆದರೆ, ಪರದೆಯ ಎತ್ತರದಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲಿನ ಕಿರಿದಾದ ಪಟ್ಟಿಯೊಂದು ಚೆನ್ನಾಗಿ ಬೆಳಗಿರುತ್ತದೆ, ಮಿಕ್ಕದ್ದೆಲ್ಲ ಮಂಕು. ಪೂರ್ಣ ಮಾಡತಕ್ಕ ಕೆಲಸ ನಮ್ಮ ಕಣ್ಣಿನದು, ಅದರ ಹಿಂದಿರುವ ಮಿದುಳಿನದು. ಯಂತ್ರದ ಪಾಲಿಗೆ ಬಂದಿರುವುದು ಇಷ್ಟೆ: ಆ ಒಂದು ಬೊಟ್ಟನ್ನು ಸರಿಯಾದ ಕಾಲಕ್ಕೆ, ಸರಿಯಾದ ಸ್ಥಳದಲ್ಲಿ, ಸರಿಯಾದ ಪ್ರಕಾಶದಿಂದ ಇರಿಸುವುದು. ಪೆಟ್ಟಿಗೆಯ ಒಳಗಿನ ನೂರಾರು ತುಣುಕುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಯಾವುದಾದರೊಂದನ್ನು ನೋಡಿಕೊಳ್ಳುವುದಕ್ಕಾಗಿಯೇ ಇದ್ದುವು. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಂತ್ರದ ಯಾವ ಅಂಗವೂ ಒಗಟಾಗಿ ತೋರುವುದಿಲ್ಲ.

ನಾನು ವರ್ಣಿಸಹೊರಟಿರುವುದು ಗೋಡೆಗೆ ತೂಗುಹಾಕುವ ಇಂದಿನ ತೆಳುವಾದ ಹಲಗೆಯನ್ನಲ್ಲ. ಪಿಕ್ಚರ್ ಟ್ಯೂಬ್ ಎಂದು ಎಲ್ಲರೂ ಕರೆಯುತ್ತಿದ್ದ ಗಾಜಿನ ಚಿತ್ರನಳಿಗೆಯುಳ್ಳ ಹಳೆಯ ಪೆಟ್ಟಿಗೆಯನ್ನು. ಇದಕ್ಕೆ ಎರಡು ಕಾರಣಗಳುಂಟು. ಅದರಲ್ಲಿ ಒಂದೊಂದು ಅಂಗಕ್ಕೂ ಪ್ರತ್ಯೇಕವಾದ ಕೆಲಸವಿತ್ತು. ಅಂಗ ಕೆಟ್ಟರೆ ಅದರ ಲಕ್ಷಣ ಪರದೆಯ ಮೇಲೆಯೇ ಕಾಣಿಸಿಕೊಳ್ಳುತ್ತಿತ್ತು. ಇದು ಮೊದಲನೆಯದು. ಎರಡನೆಯದೇನೆಂದರೆ, ಈ ಪೆಟ್ಟಿಗೆಗಳು ಅಂಗಡಿಗಳಿಂದ ಮಾಯವಾಗಿದ್ದರೂ ಎಷ್ಟೋ ಮನೆಗಳ ಅಟ್ಟದ ಮೇಲೆ, ಉಗ್ರಾಣದ ಮೂಲೆಯಲ್ಲಿ ಇಂದಿಗೂ ಕುಳಿತಿವೆ. ಗುಜರಿಯವನ ಗಾಡಿಗೆ ಹಾಕುವುದಕ್ಕೆ ಮುಂಚೆ ಅದರೊಳಗೆ ಏನಿದೆಯೆಂಬುದನ್ನು ಮನೆಯವರು ತಿಳಿದಿರುವುದು ಒಳ್ಳೆಯದು.

ಮೊದಲು, ಬೊಟ್ಟುಬೊಟ್ಟಾಗಿ ಏಕೆ ಕಳುಹಿಸಬೇಕು ಎಂಬ ಪ್ರಶ್ನೆ. ಧ್ವನಿಯ ವಿಷಯ ಸುಲಭ. ಯಾವುದೇ ಒಂದು ಕ್ಷಣದಲ್ಲಿ ಕಿವಿಯ ಬಳಿ ಗಾಳಿಯ ಒತ್ತಡ ಇಷ್ಟೆಂದು ಒಂದೇ ಒಂದು ಸಂಖ್ಯೆಯಿಂದ ಹೇಳಿಬಿಡಬಹುದು. ಆದುದರಿಂದಲೇ 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕವನ್ನು ಇರಿಸಿಕೊಂಡು ಊರಿಗೆಲ್ಲ ಹಾಡು ಮಾತುಗಳನ್ನು ಕೇಳಿಸಲು ಸಾಧ್ಯವಾಯಿತು. ಚಿತ್ರ ಹಾಗಲ್ಲ. ಒಂದೇ ಕ್ಷಣದಲ್ಲಿ ಅದರ ಲಕ್ಷಾಂತರ ಬಿಂದುಗಳು ಒಂದೊಂದೂ ಒಂದೊಂದು ಪ್ರಕಾಶದಲ್ಲಿರುತ್ತವೆ. ಇವನ್ನೆಲ್ಲ ಒಟ್ಟಿಗೆ ಕಳುಹಿಸಬೇಕಾದರೆ ಲಕ್ಷಾಂತರ ತಂತಿಗಳು ಬೇಕಾದಾವು. ಇರುವುದು ಒಂದೇ ದಾರಿ; ಒಂದು ದಾರಿಯಲ್ಲಿ ಒಂದು ಕ್ಷಣಕ್ಕೆ ಒಂದೇ ಸಂಖ್ಯೆ ಹೋಗಬಲ್ಲದು. ಹೀಗಿರಲು, ಚಿತ್ರವನ್ನು ಸಾಲುಗಳಾಗಿ ಸೀಳಿ, ಸಾಲನ್ನು ಬಿಂದುಗಳಾಗಿ ಓದಿ, ಒಂದರ ಹಿಂದೆ ಒಂದನ್ನು ಅಟ್ಟುವುದಲ್ಲದೆ ಬೇರೆ ಉಪಾಯವಿಲ್ಲ.

ಈ ಉಪಾಯವನ್ನು 1884ರಲ್ಲಿಯೇ ಜರ್ಮನಿಯ ಪಾಲ್ ನಿಪ್ಕೋ ಎಂಬ ವಿದ್ಯಾರ್ಥಿ ಕಂಡುಕೊಂಡು ಸನ್ನದನ್ನು ಪಡೆದನು. ಸುರುಳಿಯಾಕಾರದಲ್ಲಿ ರಂಧ್ರಗಳನ್ನು ಕೊರೆದ ತಟ್ಟೆಯನ್ನು ತಿರುಗಿಸಿದರೆ ಒಂದೊಂದು ರಂಧ್ರವೂ ಚಿತ್ರದ ಒಂದೊಂದು ಸಾಲನ್ನು ಸವರಿಕೊಂಡು ಹೋಗುತ್ತದೆ. ಈ ತಟ್ಟೆಯನ್ನೇ ನಂಬಿ ಜಾನ್ ಲೋಗಿ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನಲ್ಲಿ ವಿದ್ವಾಂಸರಿಗೆ ತನ್ನ ದೂರದರ್ಶನವನ್ನು ತೋರಿಸಿದನು. ಚಿತ್ರದಲ್ಲಿ ಇದ್ದುದು 30 ಸಾಲು ಮಾತ್ರ. ಅದೇ ವರ್ಷದ ಕೊನೆಯಲ್ಲಿ ಜಪಾನಿನ ಕೆಂಜಿರೊ ತಾಕಾಯಾನಾಗಿ 40 ಸಾಲುಗಳಲ್ಲಿ ತಮ್ಮ ಭಾಷೆಯ ಒಂದಕ್ಷರವನ್ನು ಗಾಜಿನ ನಳಿಗೆಯ ಮೇಲೆ ಮೂಡಿಸಿದನು. ಆದರೆ ಲೋಹದ ತಟ್ಟೆಯನ್ನು ಎಷ್ಟು ವೇಗವಾಗಿ ತಿರುಗಿಸಬಹುದು? ತೂಕವುಳ್ಳ ಯಾವ ಯಂತ್ರಭಾಗದಿಂದಲೂ ಈ ಕೆಲಸ ನೆರವೇರದೆಂದೂ, ಎರಡು ಕೊನೆಗಳಲ್ಲಿಯೂ ಎಲೆಕ್ಟ್ರಾನುಗಳ ಕಿರಣವನ್ನೇ ಲೇಖನಿಯಾಗಿ ಮಾಡಿಕೊಳ್ಳಬೇಕೆಂದೂ 1908ರಲ್ಲಿಯೇ ಕ್ಯಾಂಬೆಲ್ ಸ್ವಿಂಟನ್ ‘ನೇಚರ್’ ಪತ್ರಿಕೆಗೆ ಬರೆದಿದ್ದನು. ಅದನ್ನು ಮಾಡಿ ತೋರಿಸಿದವರಲ್ಲಿ ಫೈಲೋ ಫಾರ್ನ್ಸ್‌ವರ್ತ್ ಎಂಬ ಅಮೆರಿಕದ ತರುಣನೊಬ್ಬ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೊಲ ಉಳುತ್ತಿದ್ದಾಗ, ನೇಗಿಲು ಸಾಲುಸಾಲಾಗಿ ನೆಲವನ್ನು ಸವರುವುದನ್ನು ನೋಡಿ ಅವನಿಗೆ ಈ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. 1927ರ ಸೆಪ್ಟೆಂಬರ್ 7ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನು ಸಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಗೆರೆಯ ಚಿತ್ರವನ್ನು ಹಾಗೆ ಕಳುಹಿಸಿದನು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಿಂದ ಬಿ. ಬಿ. ಸಿ.ಯವರು ಕ್ರಮವಾದ ಪ್ರಸಾರವನ್ನು ಆರಂಭಿಸಿದಾಗ ಬೇರ್ಡನ 240 ಸಾಲಿನ ಪದ್ಧತಿಯನ್ನೂ, ಪೂರ್ಣವಾಗಿ ಎಲೆಕ್ಟ್ರಾನಿಕವಾದ 405 ಸಾಲಿನ ಪದ್ಧತಿಯನ್ನೂ ಸರದಿಯ ಮೇಲೆ ಪರೀಕ್ಷಿಸಿದರು. ಕೆಲವು ತಿಂಗಳಲ್ಲಿಯೇ ತೀರ್ಪಾಯಿತು. ತಿರುಗುವ ತಟ್ಟೆ ಅಲ್ಲಿಗೆ ನಿಂತಿತು.

ನಮ್ಮ ದೇಶದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಸಾರ ಪ್ರಾರಂಭವಾಯಿತು. ಬೆಂಗಳೂರಿನ ಕೇಂದ್ರ 1981ರ ನವೆಂಬರ್ 1ರಂದು. ಇಲ್ಲಿ ಆರಿಸಿಕೊಂಡುದು 625 ಸಾಲುಗಳ ಪದ್ಧತಿ, ಸೆಕೆಂಡಿಗೆ 25 ಚಿತ್ರ. ಲೆಕ್ಕ ಹಾಕಿ ನೋಡಿ. ಕಣ್ಣಿಗೆ ಕಾಣುವ ಸಾಲುಗಳು ಸುಮಾರು 575. ಸಾಲೊಂದರಲ್ಲಿ ಏಳುನೂರಕ್ಕೆ ಮೇಲ್ಪಟ್ಟು ಬಿಂದುಗಳನ್ನು ಬಿಡಿಸಿ ತೋರಿಸಬೇಕೆಂದರೆ ಒಂದು ಚಿತ್ರಕ್ಕೆ ನಾಲ್ಕು ಲಕ್ಷ ಬಿಂದುಗಳಾದುವು. ಸೆಕೆಂಡಿಗೆ ಒಂದು ಕೋಟಿ. ಒಂದು ಸಾಲನ್ನು ಬರೆದು ಹಿಂದಿರುಗಲು ಬೊಟ್ಟಿಗೆ ದೊರೆಯುವ ಕಾಲ 64 ಮೈಕ್ರೋಸೆಕೆಂಡ್, ಎಂದರೆ ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ 64 ಪಾಲು. ಬರೆಯುವುದಕ್ಕೆ 52, ಹಿಂದಿರುಗುವುದಕ್ಕೆ 12. ಪರದೆಯ ಅಗಲ 40 ಸೆಂಟಿಮೀಟರಾದರೆ ಬೊಟ್ಟು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ ಹೊರಟವನು ಬೆಂಗಳೂರನ್ನು ಬಿಟ್ಟು ಇಪ್ಪತ್ತು ಸೆಕೆಂಡಿನೊಳಗೆ ಮೈಸೂರಿನಲ್ಲಿರುತ್ತಾನೆ.

ಇನ್ನು ಅಂಗಗಳಿಗೆ ಬರೋಣ. ಮೊದಲನೆಯದು ಮನೆಯ ಮೇಲಿದ್ದ ಆಂಟೆನ. ಮೀನಿನ ಮುಳ್ಳಿನಂತೆ ಅಲ್ಯೂಮಿನಿಯಮ್ ಕಡ್ಡಿಗಳನ್ನು ಜೋಡಿಸಿದ ಈ ಉಪಕರಣ ಜಪಾನಿನ ಯಾಗಿ, ಉಡ ಎಂಬ ಇಬ್ಬರು ವಿದ್ವಾಂಸರು 1926ರಲ್ಲಿ ಲೋಕಕ್ಕೆ ತಿಳಿಸಿದುದು. ಕಡ್ಡಿಗಳ ಅಳತೆ ಮನಸ್ಸಿಗೆ ಬಂದಂತೆ ಇಟ್ಟುದಲ್ಲ. ಸೆಕೆಂಡಿಗೆ ಆರು ಕೋಟಿ ಕಂಪನಗಳಿರುವ ಅಲೆಯ ಉದ್ದ 5 ಮೀಟರು. ಅದನ್ನು ಹಿಡಿಯುವ ಕಡ್ಡಿ ಅದರ ಅರ್ಧದಷ್ಟಿರಬೇಕು. ತಂತಿಯನ್ನು ಕಟ್ಟಿದ ಕಡ್ಡಿ ಒಂದೇ. ಅದರ ಹಿಂದಿನದು ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನವು ದಾರಿ ತೋರಿಸುತ್ತವೆ. ಆದುದರಿಂದಲೇ ಆಂಟೆನಕ್ಕೆ ಒಂದು ದಿಕ್ಕು ಉಂಟು. ತಾರಸಿಯ ಮೇಲೆ ಒಬ್ಬರು ಕಂಬವನ್ನು ತಿರುಗಿಸುತ್ತ, ಕಿಟಕಿಯ ಬಳಿ ಒಬ್ಬರು ‘ಬಂತು, ಹೋಯಿತು, ಇನ್ನೊಂಚೂರು ಈಚೆಗೆ’ ಎಂದು ಕೂಗುತ್ತ, ಎಷ್ಟು ಭಾನುವಾರಗಳು ಕಳೆದುಹೋಗಲಿಲ್ಲ!

ಚಿತ್ರದ ಪಕ್ಕದಲ್ಲಿ ಅದರದೇ ಮಸಕಾದ ನೆರಳೊಂದು ಕಾಣುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ಅದು ಅಲೆಯ ಪ್ರತಿಧ್ವನಿ. ಎತ್ತರವಾದ ಕಟ್ಟಡಕ್ಕೋ ಬೆಟ್ಟಕ್ಕೋ ತಗುಲಿ ಬಂದ ಅಲೆ 300 ಮೀಟರು ಹೆಚ್ಚಾಗಿ ಸುತ್ತಿದ್ದರೆ ಒಂದು ಮೈಕ್ರೋಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಬೊಟ್ಟು ಮುಕ್ಕಾಲು ಸೆಂಟಿಮೀಟರು ಮುಂದೆ ಹೋಗಿರುತ್ತದೆ; ನೆರಳು ಅಲ್ಲಿ ಬೀಳುತ್ತದೆ. ಪರದೆಯ ಮೇಲಿನ ಅಂತರವನ್ನು ಅಳೆದು, ಬೆಟ್ಟ ಎಷ್ಟು ಸುತ್ತಿಸಿತೆಂದು ಮನೆಯಲ್ಲಿಯೇ ಕುಳಿತು ಹೇಳಬಹುದಾಗಿತ್ತು.

ಬಟ್ಟಲಿನಾಕಾರದ ಆಂಟೆನಗಳು ಬಂದುದು ಆಮೇಲೆ ಎಂದು ತಿಳಿದವರುಂಟು. ನಮ್ಮ ನಾಡಿನ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಕಳುಹಿಸಿದಾಗ, ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ತಂತಿಬಲೆಯಿಂದ ಮಾಡಿದ, 3 ಮೀಟರು ವ್ಯಾಸದ ಬಟ್ಟಲುಗಳು ಅಲ್ಲಿ ಆಕಾಶದ ಕಡೆಗೆ ಮುಖಮಾಡಿ ನಿಂತುವು. ಬೆಂಗಳೂರಿನವರು ಮನೆಯಲ್ಲಿ ತಮ್ಮ ಊರಿನ ಪ್ರಸಾರವನ್ನು ನೋಡುವುದಕ್ಕೆ ಆರು ವರ್ಷಗಳ ಮುಂಚೆಯೇ ಅಲ್ಲಿನ ರೈತರು ಉಪಗ್ರಹದಿಂದ ಬಂದ ಚಿತ್ರವನ್ನು ನೋಡಿದ್ದರು.

ಆಂಟೆನ ಹಿಡಿದು ತರುವುದು ವೋಲ್ಟಿನ ಸಾವಿರದಲ್ಲೊಂದು ಭಾಗದಷ್ಟು ಶಕ್ತಿ, ಎಷ್ಟೋ ವೇಳೆ ಅದಕ್ಕಿಂತ ಕಡಮೆ. ಚಿತ್ರನಳಿಗೆಯನ್ನು ಆಳಬೇಕಾದರೆ ಹತ್ತಾರು ವೋಲ್ಟು ಬೇಕು. ಹೀಗೆ ಸಾವಿರಾರು ಪಟ್ಟು ಹಿಗ್ಗಿಸುವ ಕೆಲಸದ ಮೊದಲ ಮೆಟ್ಟಿಲು ಟ್ಯೂನರ್, ಹಳೆಯ ಪೆಟ್ಟಿಗೆಗಳಲ್ಲಿ ಕಟಕಟನೆ ತಿರುಗುತ್ತಿದ್ದ ಆ ದೊಡ್ಡ ಗುಂಡಿ. ಇದು ಬೇಕಾದ ನಿಲಯವನ್ನು ಆರಿಸುವುದಲ್ಲದೆ ಇನ್ನೊಂದು ಜಾಣತನವನ್ನೂ ಮಾಡುತ್ತದೆ. ಎರಡು ತಂಬೂರಿ ತಂತಿಗಳ ಶ್ರುತಿಯಲ್ಲಿ ಕಿಂಚಿತ್ ವ್ಯತ್ಯಾಸವಿದ್ದರೆ ಆ ವ್ಯತ್ಯಾಸದಷ್ಟೇ ಮೆಲ್ಲನೆಯ ಏರಿಳಿತವೊಂದು ಕೇಳಿಬರುವುದಷ್ಟೆ? ಅದರಂತೆ ಟ್ಯೂನರ್ ತಾನೇ ಒಂದು ಅಲೆಯನ್ನು ಹುಟ್ಟಿಸಿ ಬಂದ ಅಲೆಯೊಡನೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮುಂದಕ್ಕೆ ಕೊಡುತ್ತದೆ. ಯಾವ ನಿಲಯವನ್ನು ಆರಿಸಿದರೂ ಈ ವ್ಯತ್ಯಾಸ ಒಂದೇ ಆಗಿರುವಂತೆ ಏರ್ಪಾಡಿರುವುದರಿಂದ, ಮುಂದಿನ ಅಂಗಗಳೆಲ್ಲ ಒಂದೇ ಶ್ರುತಿಗೆ ಸಿದ್ಧವಾಗಿ ಕುಳಿತಿದ್ದರೆ ಸಾಕು. ನಮ್ಮಲ್ಲಿ ಚಿತ್ರದ ಪಾಲಿಗೆ ಸೆಕೆಂಡಿಗೆ 3 ಕೋಟಿ 89 ಲಕ್ಷ ಕಂಪನಗಳು ಆ ಶ್ರುತಿಯಾಗಿದ್ದಿತು.

ನಿಲಯವಿಲ್ಲದ ಕಡೆಗೆ ಗುಂಡಿಯನ್ನು ತಿರುಗಿಸಿದರೆ ಪರದೆಯ ತುಂಬ ಇರುವೆಗಳು ಮುತ್ತಿದಂತೆ ಚುಕ್ಕೆಗಳು ಕುಣಿಯುತ್ತಿದ್ದುವು. ಹೆಚ್ಚಿನವು ಯಂತ್ರದ ಒಳಗಿನ ಗದ್ದಲವೇ. ಅವುಗಳಲ್ಲಿ ಒಂದು ಅಲ್ಪಾಂಶ ಮಾತ್ರ ಬ್ರಹ್ಮಾಂಡದ ಆದಿಕಾಲದಿಂದ ಉಳಿದುಬಂದ, ಎಲ್ಲ ದಿಕ್ಕುಗಳಿಂದಲೂ ನಮ್ಮನ್ನು ಮುಟ್ಟುತ್ತಿರುವ ವಿಕಿರಣ. ಕಾರ್ಯಕ್ರಮ ಮುಗಿದ ಮೇಲೆ ತೋರುತ್ತಿದ್ದುದು ಕೆಲವು ವೇಳೆ ಕಾರ್ಯಕ್ರಮಕ್ಕಿಂತ ಘನವಾದ ವಿಷಯವೇ ಆಗಿತ್ತೆಂದು ಹೇಳಿದರೆ ತಪ್ಪಾಗಲಾರದು.

ಧ್ವನಿಯ ಭಾಗವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಅದು ಚಿತ್ರದ ಅಲೆಯ ಪಕ್ಕದಲ್ಲಿಯೇ ಬೇರೊಂದು ಅಲೆಯ ಮೇಲೆ ಕುಳಿತು ಬರುತ್ತಿತ್ತು. ಅದನ್ನು ಬೇರ್ಪಡಿಸಿ, ಹಿಗ್ಗಿಸಿ, ಸ್ಪೀಕರಿಗೆ ಕೊಡುವುದು ರೇಡಿಯೋ ಯಂತ್ರದ ಕೆಲಸವೇ ಹೊರತು ಬೇರೆಯಲ್ಲ.

ಈಗ ಯಂತ್ರದ ಹೃದಯಕ್ಕೆ ಬಂದೆವು. ಅಲೆಯಿಂದ ಇಳಿಸಿಕೊಂಡ ಸಂಕೇತ ಬೊಟ್ಟಿನ ಪ್ರಕಾಶವನ್ನು ಹೇಳುತ್ತದೆ: ಈಗ ಬೆಳ್ಳಗೆ, ಈಗ ಬೂದು, ಈಗ ಕಪ್ಪು. ಆದರೆ ‘ಈಗ’ ಎಂದರೆ ಪರದೆಯ ಯಾವ ಸ್ಥಳ? ಅದನ್ನು ಸಂಕೇತ ಹೇಳುವುದಿಲ್ಲ. ಲಕ್ಷಾಂತರ ಬಿಂದುಗಳಿಗೆ ಒಂದೊಂದಕ್ಕೂ ವಿಳಾಸ ಬರೆದು ಕಳುಹಿಸುವಷ್ಟು ಎಡೆ ಆ ದಾರಿಯಲ್ಲಿ ಇಲ್ಲ. ಆದುದರಿಂದ ಮಾಡಿಕೊಂಡ ಒಪ್ಪಂದವೇನೆಂದರೆ, ನಿಲಯದ ಕ್ಯಾಮರಾದಲ್ಲಿ ಓದುವ ಬೊಟ್ಟೂ ಮನೆಯ ಪರದೆಯಲ್ಲಿ ಬರೆಯುವ ಬೊಟ್ಟೂ ಒಂದೇ ಹೆಜ್ಜೆಯಲ್ಲಿ ನಡೆಯುವುದು. ಪ್ರತಿ ಸಾಲಿನ ಕೊನೆಯಲ್ಲಿ ನಿಲಯ ಒಂದು ಸನ್ನೆಯನ್ನು ಕಳುಹಿಸುತ್ತದೆ. ಪರದೆಯ ಕೆಳತುದಿಯನ್ನು ಮುಟ್ಟಿದಾಗ ಇನ್ನೊಂದು ಬಗೆಯ ಉದ್ದನೆಯ ಸನ್ನೆ. ಈ ಸನ್ನೆಗಳು ಕಪ್ಪಿಗಿಂತ ಕಪ್ಪಾದ ಮಟ್ಟದಲ್ಲಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಇವನ್ನು ಸೋಸಿ ತೆಗೆಯುವ ಅಂಗಕ್ಕೆ ಸಿಂಕ್ ಸೆಪರೇಟರ್ ಎಂದು ಹೆಸರು. ತಾಳಗ್ರಾಹಿಯೆಂದು ಕರೆದರೂ ಒಪ್ಪೀತು.

ಕಚೇರಿಯಲ್ಲಿ ಮೃದಂಗದವರು ಹಾಡುವವರ ಕೈಸನ್ನೆಯನ್ನು ಕಾಯುತ್ತ ಸುಮ್ಮನೆ ಕುಳಿತಿರುವುದಿಲ್ಲ. ಅವರ ಲಯ ಅವರೊಳಗೇ ನಡೆಯುತ್ತಿರುತ್ತದೆ. ಸಮ ಬಂದಾಗ ಕಣ್ಣಿನಿಂದ ಒಮ್ಮೆ ಸರಿನೋಡಿಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿಯೂ ಇಂಥ ಇಬ್ಬರು ಲಯಗಾರರುಂಟು. ಒಬ್ಬನು ಬೊಟ್ಟನ್ನು ಅಡ್ಡವಾಗಿ ಓಡಿಸುವವನು, ಸೆಕೆಂಡಿಗೆ 15,625 ಸಲ. ಇನ್ನೊಬ್ಬನು ಮೇಲಿನಿಂದ ಕೆಳಕ್ಕೆ ಇಳಿಸುವವನು, ಸೆಕೆಂಡಿಗೆ 50 ಸಲ. ಇವರು ನಿಲಯದ ಸನ್ನೆಯಿಲ್ಲದಿದ್ದರೂ ತಮ್ಮಷ್ಟಕ್ಕೆ ತಾವು ಆಡುತ್ತಲೇ ಇರುತ್ತಾರೆ. ಸನ್ನೆ ಬಂದಾಗ ಹೆಜ್ಜೆಯನ್ನು ಸರಿಪಡಿಸಿಕೊಳ್ಳುತ್ತಾರೆ. ಪೆಟ್ಟಿಗೆಯ ಹಿಂದೆಯೋ ಪಕ್ಕದಲ್ಲಿಯೋ ವರ್ಟಿಕಲ್ ಹೋಲ್ಡ್, ಹಾರಿಜಾಂಟಲ್ ಹೋಲ್ಡ್ ಎಂಬ ಎರಡು ಚಿಕ್ಕ ಗುಂಡಿಗಳಿದ್ದುವಲ್ಲ, ಅವು ಇವರ ಲಯವನ್ನು ತಿದ್ದುವುದಕ್ಕಾಗಿಯೇ ಇದ್ದುವು. ಚಿತ್ರ ಮೇಲಕ್ಕೆ ಮೇಲಕ್ಕೆ ಉರುಳಿಹೋಗುತ್ತಿದ್ದರೆ ಎರಡನೆಯವನು ತಾಳ ತಪ್ಪಿದನೆಂದು ಅರ್ಥ. ಚಿತ್ರ ಓರೆಯಾದ ಪಟ್ಟಿಗಳಾಗಿ ಹರಿದುಹೋದರೆ ತಪ್ಪಿದವನು ಮೊದಲನೆಯವನು. ಬಂದ ಚಿತ್ರದಲ್ಲಿ ಒಂದು ಬಿಂದುವೂ ನಷ್ಟವಾಗಿಲ್ಲದಿರುವಾಗಲೇ ನೋಡುವವನಿಗೆ ಏನೂ ತಿಳಿಯದಂತಾಗುತ್ತಿತ್ತು. ಕಾಲ ತಪ್ಪಿದರೆ ಸ್ಥಳವೂ ತಪ್ಪುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಯಂತ್ರವನ್ನು ನಾನು ಕಂಡಿಲ್ಲ.

ಸೆಕೆಂಡಿಗೆ 25 ಚಿತ್ರವೆಂದು ಹಿಂದೆ ಹೇಳಿದೆ, ಇಲ್ಲಿ 50 ಸಲವೆಂದೆ. ಇದು ವಿರೋಧವಲ್ಲ. ಸೆಕೆಂಡಿಗೆ 25 ಸಲ ಮಾತ್ರ ಪರದೆ ಬೆಳಗಿದರೆ ಕಣ್ಣಿಗೆ ಮಿನುಗು ತೋರಿ ಆಯಾಸವಾಗುತ್ತದೆ. 50 ಚಿತ್ರಗಳನ್ನು ಕಳುಹಿಸೋಣವೆಂದರೆ ಅಲೆಯ ದಾರಿಯಲ್ಲಿ ಇಮ್ಮಡಿ ಎಡೆ ಬೇಕು. ಆದ್ದರಿಂದ ಮೊದಲು 1, 3, 5ನೆಯ ಸಾಲುಗಳನ್ನೆಲ್ಲ ಬರೆದು, ಮತ್ತೆ ಮೇಲಿಂದ ಬಂದು 2, 4, 6ನೆಯ ಸಾಲುಗಳನ್ನು ಅವುಗಳ ನಡುವೆ ತುಂಬುತ್ತಾರೆ. ಚಿತ್ರ ಒಂದೇ, ಬೆಳಗುವುದು ಎರಡು ಸಲ. ಸಾಲುಗಳ ಸಂಖ್ಯೆ ಬೆಸವಾಗಿರುವುದರ ಗುಟ್ಟೂ ಇಲ್ಲಿಯೇ ಇದೆ: 625ರ ಅರ್ಧ ಮುನ್ನೂರ ಹನ್ನೆರಡೂವರೆ, ಆ ಅರೆ ಸಾಲಿನ ವ್ಯತ್ಯಾಸದಿಂದಲೇ ಎರಡನೆಯ ಸರದಿಯ ಸಾಲುಗಳು ಮೊದಲನೆಯವುಗಳ ಮೇಲೆ ಬೀಳದೆ ನಡುವೆ ಬೀಳುತ್ತವೆ.

ಲಯಗಾರರ ಆಜ್ಞೆಯನ್ನು ನಡೆಸುವುದು ಚಿತ್ರನಳಿಗೆಯ ಕತ್ತಿಗೆ ತೊಡಿಸಿದ ತಾಮ್ರದ ಸುರುಳಿಗಳು. ರಿಪೇರಿಯವರು ಇದನ್ನು ಯೋಕ್ ಎನ್ನುತ್ತಿದ್ದರು. ಎತ್ತಿನ ನೊಗಕ್ಕೆ ಇಂಗ್ಲಿಷರು ಇಟ್ಟ ಹೆಸರೇ ಅದು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಎಲೆಕ್ಟ್ರಾನುಗಳ ಕಿರಣವನ್ನು ಬಾಗಿಸುತ್ತದೆ. ಕಿರಣಕ್ಕೆ ತೂಕವೆಂಬುದು ಇಲ್ಲವೆನ್ನುವಷ್ಟು ಅಲ್ಪವಾದುದರಿಂದ, ನಿಪ್ಕೋವಿನ ತಟ್ಟೆಗೆ ಅಸಾಧ್ಯವಾದುದು ಇದಕ್ಕೆ ಲೀಲೆಯಾಯಿತು.

ಸಾಲನ್ನು ಬರೆದು ಮುಗಿಸಿದ ಬೊಟ್ಟು 12 ಮೈಕ್ರೋಸೆಕೆಂಡಿನಲ್ಲಿ ಎಡತುದಿಗೆ ಹಿಂದಿರುಗಬೇಕಷ್ಟೆ. ಆಗ ಸುರುಳಿಯಲ್ಲಿ ತುಂಬಿದ್ದ ಕಾಂತಶಕ್ತಿ ಒಮ್ಮೆಲೇ ಕುಸಿಯುತ್ತದೆ. ಕುಸಿಯುವ ಕಾಂತಕ್ಷೇತ್ರ ದೊಡ್ಡ ವಿದ್ಯುದೊತ್ತಡವನ್ನು ಹುಟ್ಟಿಸುವುದು ಫ್ಯಾರಡೆಯ ಕಾಲದಿಂದ ತಿಳಿದ ವಿಷಯ. ಯಂತ್ರಶಿಲ್ಪಿಗಳು ಈ ಏಟನ್ನು ವ್ಯರ್ಥ ಮಾಡಲಿಲ್ಲ. ಒಂದು ಟ್ರಾನ್ಸ್‌ಫಾರ್ಮರಿನ ಮೂಲಕ ಅದನ್ನು ಇನ್ನೂ ಏರಿಸಿ, ಏಕಮುಖ ಮಾಡಿ, ಚಿತ್ರನಳಿಗೆಗೆ ಬೇಕಾದ ಮಹಾ ಒತ್ತಡವನ್ನು ಇದರಿಂದಲೇ ಪಡೆದುಕೊಂಡರು: ಕಪ್ಪು-ಬಿಳುಪಿನ ಪೆಟ್ಟಿಗೆಯಲ್ಲಿ ಸುಮಾರು 15,000 ವೋಲ್ಟು, ಬಣ್ಣದ್ದರಲ್ಲಿ ಸುಮಾರು 25,000. ಬರಿಗೈಯಲ್ಲಿ ಹಿಂದಿರುಗಬೇಕಾಗಿದ್ದ ಆಳಿನ ಕೈಗೆ ಮತ್ತೊಂದು ಕೆಲಸವನ್ನು ಕೊಟ್ಟಂತೆ ಇದು. ಪೆಟ್ಟಿಗೆಯ ಎಲ್ಲ ಅಂಗಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದುದು ಈ ಮಿತವ್ಯಯ. ಇದರಲ್ಲಿ ಒಂದು ರಕ್ಷಣೆಯೂ ಅಡಗಿದೆ. ಅಡ್ಡ ಓಟ ನಿಂತರೆ ಮಹಾ ಒತ್ತಡವೂ ನಿಂತು ಪರದೆ ಕತ್ತಲಾಗುತ್ತದೆ. ಇಲ್ಲದಿದ್ದರೆ ಕಿರಣವೆಲ್ಲ ನಡುವೆ ಒಂದೇ ಗೆರೆಯಲ್ಲಿ ನಿಂತು ಪರದೆಯನ್ನು ಸುಟ್ಟುಬಿಡುತ್ತಿತ್ತು. ಕೆಳಕ್ಕೆ ಇಳಿಸುವವನು ಮಾತ್ರ ನಿಂತಾಗ ನಡುವೆ ಒಂದು ಪ್ರಖರವಾದ ಅಡ್ಡಗೆರೆ ಉಳಿಯುತ್ತಿದ್ದುದನ್ನು ಎಷ್ಟೋ ಜನ ನೋಡಿದ್ದಾರೆ. ಹಾಗೆಯೇ, ಪೆಟ್ಟಿಗೆಯಿಂದ ಬರುತ್ತಿದ್ದ ಸೂಜಿಯಂಥ ಕೀರಲು ಧ್ವನಿಯನ್ನು ಮಕ್ಕಳು ಕೇಳಿ ದೂರಿದರೆ ಹಿರಿಯರು ನಂಬುತ್ತಿರಲಿಲ್ಲ. ಮಕ್ಕಳ ಮಾತೇ ನಿಜ. ಅದು ಸೆಕೆಂಡಿಗೆ 15,625 ಸಲ ನಡುಗುವ ಈ ಟ್ರಾನ್ಸ್‌ಫಾರ್ಮರಿನ ನಾದ. ವಯಸ್ಸಾದ ಕಿವಿಗೆ ಅಷ್ಟು ಎತ್ತರದ ಸ್ವರ ಎಟುಕುವುದಿಲ್ಲ.

ಇನ್ನು ಚಿತ್ರನಳಿಗೆ. 1897ರಲ್ಲಿ ಫರ್ಡಿನಂಡ್ ಬ್ರೌನ್ ವಿದ್ಯುತ್ತಿನ ಚಂಚಲತೆಯನ್ನು ನೋಡುವುದಕ್ಕಾಗಿ ಮಾಡಿದ ಗಾಜಿನ ನಳಿಗೆ ಇದರ ಮೂಲಪುರುಷ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿಯೂ ಕಪ್ಪು-ಬಿಳುಪಿನ ಚಿತ್ರನಳಿಗೆಗಳು ತಯಾರಾಗುತ್ತಿದ್ದುವು. ಆಲಿಕೆಯಂಥ ಆಕಾರ, ಹಿಂದೆ ಸಣ್ಣ ಕತ್ತು, ಮುಂದೆ ಅಗಲವಾದ ಮುಖ. ಕತ್ತಿನೊಳಗೆ ಒಂದು ಪುಟ್ಟ ತಂತಿ ಕೆಂಪಗೆ ಕಾಯುತ್ತದೆ. ಅದನ್ನು ಕವಿದಿರುವ ಕ್ಯಾಥೋಡ್ ಎಂಬ ಲೋಹದ ಟೋಪಿ ಬಿಸಿಯಾಗಿ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಗುಂಡಿ ಒತ್ತಿದ ಕೂಡಲೆ ಚಿತ್ರ ಬಾರದೆ ಸ್ವಲ್ಪ ಕಾಯಬೇಕಾಗಿದ್ದುದು ಈ ತಂತಿ ಕಾಯುವುದಕ್ಕಾಗಿ. ಅದರ ಮುಂದೆ ಗ್ರಿಡ್ ಎಂಬ ಬಾಗಿಲು. ಕ್ಯಾಥೋಡಿಗೂ ಇದಕ್ಕೂ ನಡುವಣ ಒತ್ತಡವನ್ನು ಚಿತ್ರದ ಸಂಕೇತ ಏರಿಳಿಸಿದಂತೆ ಹೊರಹೋಗುವ ಎಲೆಕ್ಟ್ರಾನುಗಳು ಹೆಚ್ಚುಕಡಮೆಯಾಗುತ್ತವೆ. ಪ್ರಕಾಶವನ್ನು ಆಳುವುದು ಇದೇ. ಮುಂದೆ ಕಿರಣವನ್ನು ಕೂಡಿಸಿ ಮೊನೆಮಾಡುವ ಅಂಗಗಳಿದ್ದು, ಕೊನೆಯಲ್ಲಿ ಮಹಾ ಒತ್ತಡ ಅದನ್ನು ಮುಖದ ಕಡೆಗೆ ಸೆಳೆಯುತ್ತದೆ. 25,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿದ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 90,000 ಕಿಲೋಮೀಟರು, ಬೆಳಕಿನ ವೇಗದಲ್ಲಿ ಮೂರರಲ್ಲೊಂದು ಪಾಲಿಗೆ ಸ್ವಲ್ಪವೇ ಕಡಮೆ. ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪುಡಿ ಈ ಏಟಿಗೆ ಬೆಳಗುತ್ತದೆ.

ಬಣ್ಣದ ಪೆಟ್ಟಿಗೆಯಲ್ಲಿ ಕಿರಣಗಳು ಮೂರು. ಕೆಂಪು, ಹಸುರು, ನೀಲಿ ಬೆಳಕು ಕೊಡುವ ಪುಡಿಗಳೂ ಮೂರು. ಕಿರಣಕ್ಕೆ ಸ್ವಂತ ಬಣ್ಣವಿಲ್ಲ. ಒಂದೊಂದು ಕಿರಣವೂ ತನ್ನ ಪುಡಿಯನ್ನೇ ಮುಟ್ಟುವಂತೆ ಪರದೆಯ ಹಿಂದೆ ಲಕ್ಷಾಂತರ ರಂಧ್ರಗಳ ಒಂದು ತೆಳುವಾದ ಲೋಹದ ಜಾಲರಿಯನ್ನು ಇಟ್ಟಿದ್ದರು. ಕಿರಣಗಳು ಬೇರೆಬೇರೆ ಕೋನದಿಂದ ಬರುವುದರಿಂದ ಒಂದೇ ರಂಧ್ರದ ಮೂಲಕ ಹಾದು ಬೇರೆಬೇರೆ ಸ್ಥಳವನ್ನು ಮುಟ್ಟುತ್ತವೆ. ಹುಡುಗರು ಪರದೆಯ ಬಳಿಗೆ ಅಯಸ್ಕಾಂತವನ್ನು ತಂದಾಗ ಮುಖವೆಲ್ಲ ಹಸುರು ನೇರಳೆಯಾಗಿ ಮನೆಯಲ್ಲಿ ಬೈಗುಳವಾಗುತ್ತಿದ್ದುದಕ್ಕೆ ಕಾರಣ, ಕಿರಣಗಳು ದಾರಿತಪ್ಪಿ ನೆರೆಯ ಪುಡಿಯನ್ನು ಮುಟ್ಟಿದುದು, ಜಾಲರಿಯೂ ಕಾಂತತ್ವವನ್ನು ಹಿಡಿದುಕೊಂಡುದು. ನಮ್ಮಲ್ಲಿ 1982ರಲ್ಲಿ ಬಂದ ಬಣ್ಣದ ಪದ್ಧತಿಯ ಹೆಸರು ಪಾಲ್. ಜರ್ಮನಿಯ ವಾಲ್ಟರ್ ಬ್ರುಕ್ ರೂಪಿಸಿದುದು. ದಾರಿಯಲ್ಲಿ ಬಣ್ಣ ಕೆಡದಂತೆ ಒಂದು ಸಾಲಿನ ಬಣ್ಣವನ್ನು ಅದರ ಹಿಂದಿನ ಸಾಲಿನ ಬಣ್ಣದೊಡನೆ ಹೋಲಿಸಿ ತಪ್ಪನ್ನು ಕಳೆಯುವುದು ಇದರ ಸೂತ್ರ. ಹಿಂದಿನ ಸಾಲನ್ನು 64 ಮೈಕ್ರೋಸೆಕೆಂಡು ಹಿಡಿದಿಡುವುದು ಹೇಗೆ? ವಿದ್ಯುತ್ತನ್ನು ಕಿವಿಗೆ ಕೇಳದ ಸೂಕ್ಷ್ಮಶಬ್ದವಾಗಿ ಮಾರ್ಪಡಿಸಿ ಒಂದು ಗಾಜಿನ ಬಿಲ್ಲೆಯೊಳಗೆ ಅಡ್ಡಾಡಲು ಬಿಟ್ಟು, ಆಚೆ ಬದಿಯಲ್ಲಿ ಮತ್ತೆ ವಿದ್ಯುತ್ತಾಗಿ ತೆಗೆದುಕೊಳ್ಳುತ್ತಿದ್ದರು. ಬಣ್ಣವನ್ನು ಶಬ್ದ ಮಾಡಿ ಕಾಪಾಡಿದರೆನ್ನಬಹುದು.

ಇಂದಿನ ತೆಳುವಾದ ಹಲಗೆಯಲ್ಲಿ ಓಡುವ ಬೊಟ್ಟು ಇಲ್ಲ. ದ್ರವಸ್ಫಟಿಕದ ಪರದೆಯಲ್ಲಿ ಹಿಂದೆ ಸದಾ ಬೆಳಗುವ ದೀಪಗಳು. ಮುಂದೆ 1888ರಲ್ಲಿ ರೈನಿಟ್ಸರ್ ಮೊದಲು ಗಮನಿಸಿದ ಬಗೆಯ, ದ್ರವದಂತೆ ಹರಿದು ಸ್ಫಟಿಕದಂತೆ ಬೆಳಕನ್ನು ತಿರುಚುವ ಪದಾರ್ಥದ ಕಿಟಕಿಗಳು. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಮೂರು ಬಣ್ಣಕ್ಕೂ ಸೇರಿ ಇಂಥ ಕಿಟಕಿಗಳು 62 ಲಕ್ಷ. ಒಂದೊಂದಕ್ಕೂ ಒಂದೊಂದು ಟ್ರಾನ್ಸಿಸ್ಟರ್ ಕಾವಲು. ಮುಂದಿನ ಆಜ್ಞೆ ಬರುವ ತನಕ ಕಿಟಕಿ ಹೇಗಿತ್ತೋ ಹಾಗೆಯೇ ತೆರೆದಿರುತ್ತದೆ. ಆದ್ದರಿಂದ ಇಲ್ಲಿ ಚಿತ್ರ ನಿಜವಾಗಿಯೂ ನಿಂತಿರುತ್ತದೆ. ಕಳುಹಿಸುವ ಕ್ರಮವೂ ಬದಲಾಗಿದೆ: ಚಿತ್ರವನ್ನು ಅಂಕೆಗಳಾಗಿ ಬರೆದು, ಹಿಂದಿನ ಚಿತ್ರದಿಂದ ಯಾವ ಭಾಗ ಕದಲಿತೋ ಅದನ್ನು ಹೆಚ್ಚಾಗಿ ತಿಳಿಸುತ್ತಾರೆ. ಸಂಕೇತ ದುರ್ಬಲವಾದಾಗ ಹಳೆಯ ಪೆಟ್ಟಿಗೆ ಮಸಕಾಗಿಯಾದರೂ ಏನನ್ನೋ ತೋರಿಸುತ್ತಿತ್ತು. ಹೊಸದು ಚೌಕಚೌಕವಾಗಿ ಒಡೆದು, ಅಲ್ಲಿಯೇ ನಿಂತುಬಿಡುತ್ತದೆ.

ಕೊನೆಯದಾಗಿ ಅಟ್ಟದ ಮೇಲಿನ ಪೆಟ್ಟಿಗೆಯ ಮಾತು. ಚಿತ್ರನಳಿಗೆಯ ಒಳಗೆ ಗಾಳಿಯಿಲ್ಲ. 40 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಎತ್ತರದ ಮುಖದ ಮೇಲೆ ಹೊರಗಿನ ಗಾಳಿ ಹೇರುವ ಭಾರ ಸುಮಾರು 1,200 ಕಿಲೋಗ್ರಾಂ. ಸುತ್ತಿಗೆಯಿಂದ ಹೊಡೆದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಎಲ್ಲ ಕಡೆಗೂ ಸಿಡಿಯುತ್ತವೆ. ಆಲಿಕೆಯ ಒಳಗೂ ಹೊರಗೂ ಬಳಿದ ಗ್ರಾಫೈಟಿನ ಲೇಪ, ನಡುವೆ ಗಾಜು, ಇವು ಮೂರೂ ಸೇರಿ ಒಂದು ವಿದ್ಯುತ್ ಭಂಡಾರವಾಗುವುದರಿಂದ, ಪ್ಲಗ್ಗನ್ನು ಕಿತ್ತ ಮೇಲೆಯೂ ಬಹಳ ಹೊತ್ತು ಸಾವಿರಾರು ವೋಲ್ಟು ಅಲ್ಲಿಯೇ ನಿಂತಿರಬಹುದು. ನಳಿಗೆಯ ಪಕ್ಕದಲ್ಲಿ ರಬ್ಬರಿನ ಟೋಪಿಯ ಅಡಿಯಲ್ಲಿರುವ ಕೊಂಡಿಯನ್ನು ತಿಳಿಯದವರು ಮುಟ್ಟಬಾರದು. ವೇಗವಾದ ಎಲೆಕ್ಟ್ರಾನುಗಳು ಹುಟ್ಟಿಸುವ ಎಕ್ಸ್-ಕಿರಣವನ್ನು ತಡೆಯುವುದಕ್ಕಾಗಿ ಬಣ್ಣದ ನಳಿಗೆಯ ಆಲಿಕೆಯ ಗಾಜಿನಲ್ಲಿ ಸೀಸವನ್ನು ಹೇರಳವಾಗಿ ಬೆರೆಸಿರುತ್ತಾರೆ. ನೋಡುವವರನ್ನು ಕಾಪಾಡಿದ ಆ ಸೀಸವೇ, ಗಾಜು ಒಡೆದು ಪುಡಿಯಾಗಿ ಮಣ್ಣಿಗೂ ಉಸಿರಿಗೂ ಸೇರಿದಾಗ ವಿಷ. ಬೆಳೆಯುವ ಮಕ್ಕಳ ಮಿದುಳಿಗಂತೂ ಘೋರವಾದ ವಿಷ. ಗುಜರಿ ಅಂಗಡಿಗಳಲ್ಲಿ ಹುಡುಗರು ನಳಿಗೆಯ ಕತ್ತನ್ನು ಒಡೆಯುವುದು ಯೋಕಿನಲ್ಲಿರುವ ಒಂದಷ್ಟು ತಾಮ್ರಕ್ಕಾಗಿ. ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿಯೂ, ಅವುಗಳನ್ನು ತಿದ್ದಿ ಬಂದ 2016 ಮತ್ತು 2022ರ ನಿಯಮಗಳಲ್ಲಿಯೂ ಟೆಲಿವಿಷನ್ ಪೆಟ್ಟಿಗೆ ಸೇರಿದೆ. ನೋಂದಣಿಯಾದ ಸಂಸ್ಕಾರಕರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಲಿಯಲ್ಲಿ ದೊರೆಯುತ್ತದೆ. ಪೆಟ್ಟಿಗೆಯನ್ನು ತೆರೆಯದೆ, ಒಡೆಯದೆ, ಇಡಿಯಾಗಿಯೇ ಅವರಿಗೆ ಒಪ್ಪಿಸಬೇಕು.